ಕಂಚಿನ ಗೇರು

3-2-79, ಶನಿವಾರ. ಹೊಸೂರು.

ಇವತ್ತು ಇಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಹಾಕಿದ ಕಂಚಿನ ಗೇರು, ಕಣ್ಣು ಮುಚ್ಚಿದರೂ ಕತ್ತಲಲ್ಲಿ ಹೊನ್ನಿನ ಹೂವಿನಂತೆ ತಿರುಗುತ್ತಿದೆ. ಮುಂದಿನ ಭಾನುವಾರ ತಮ್ಮ ಚೆನ್ನಕೇಶವನ ಕಾರು ಶೋಲಾವರಂ ರೇಸಿಗೆ ಹೋಗಬೇಕು. ಈ ಗೇರನ್ನು ತಿರುಗಿಸುವ ಹೊಸ ಉಕ್ಕಿನ ಕ್ಯಾಮ್ ಶಾಫ್ಟ್ ಇರುವುದು ಒಂದೇ. ಅದರ ಹಲ್ಲು ಹೋದರೆ ರೇಸೂ ಹೋಯಿತು.

“ಕಂಚು ಮೆತ್ಗೆ ಕಣಣ್ಣ, ಬೇಗ ಸವ್ದೋಗ್ತದೆ. ಹಳೇ ಕಬ್ಬಿಣದ್ದೇ ಹಾಕು” ಅಂದ ಕೇಶವ.

“ಸವೀಲಿ ಬಿಡ್ಲಾ. ಎರ್ಡೂ ಗಟ್ಟಿಯಾದ್ರೆ ಒಂದನ್ನೊಂದು ತಿಂದಾಕ್ತವೆ. ಕಂಚು ತಾನು ಸವ್ದು ಶಾಫ್ಟ್ ಉಳಿಸ್ತದೆ” ಎಂದು ರೇಗಿದೆ.

ಮೊದಲ ಸಲ ಇಂಜಿನ್ ತಿರುಗುವಾಗ ಗೇರು ಒಣಗಿರಬಾರದು. ಹೆಂಡತಿ ಪಿಳ್ಳಮ್ಮ ತಲೆಗೆಂದು ಇಟ್ಟಿದ್ದ ಹರಳೆಣ್ಣೆ ತಂದು ಹಲ್ಲುಹಲ್ಲಿಗೂ ಬೆರಳಲ್ಲಿ ಸವರಿದೆ. ಎಣ್ಣೆ ಜೇನಿನಂತೆ ನಿಧಾನವಾಗಿ ಇಳಿಯಿತು. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ನನ್ ತಲೆಗೆ ಒಂದಿನಾನಾ ಹಿಂಗೆ ಹಚ್ಚಿದ್ದುಂಟಾ? ಈ ಮನೇಲಿ ಕಂಚು ಯಾರು ಅಂತ ಕೇಶವಂಗೂ ಗೊತ್ತು” ಅಂದಳು.

ಅವನು ನಕ್ಕುಬಿಟ್ಟ. ನಾನು ಎಣ್ಣೆ ಬಾಟಲಿಯ ಮುಚ್ಚಳ ಹಾಕಿದೆ.

ಪಿಳ್ಳಮ್ಮ ಈಗ ಮಲಗಿದ್ದಾಳೆ. ದೀಪದ ಬೆಳಕಿಗೆ ಅವಳ ನೆತ್ತಿ ಒಣಗಿ ಕಾಣುತ್ತದೆ. ಬಾಟಲಿಯಲ್ಲಿ ಎಣ್ಣೆ ಇನ್ನೂ ಸ್ವಲ್ಪ ಇದೆ. ಬೆಳಿಗ್ಗೆ ಹಂಡೆಯ ನೀರು ಕಾಯುವಷ್ಟರಲ್ಲಿ ಅವಳನ್ನು ಕೂರಿಸಿಕೊಂಡು ನಾನೇ ನೆತ್ತಿಗೆ ಹಚ್ಚಬೇಕು.