ಅಮ್ಮಿ ಪೋಣಿಸಿದ ಅರವತ್ತನಾಲ್ಕು ಉಂಗುರ

ನವೆಂಬರ್ 3, 2025. ಸೋಮವಾರ. ಅಂಗಡಿ, ತುರುವೇಕೆರೆ

ಬೆಳಿಗ್ಗೆಯಿಂದ ನಾಲ್ಕು ಡಿಸ್‌ಪ್ಲೇ, ಎರಡು ಚಾರ್ಜಿಂಗ್ ಪಿನ್ನು. ದಬ್ಬೇಘಟ್ಟದ ಹೊಂಬಾಳಮ್ಮನ ಮೊಬೈಲಿಗೆ ಎಳನೀರು ಬಿದ್ದಿದೆ. ನೀರಾದರೆ ಪರವಾಗಿಲ್ಲ, ಎಳನೀರು ಒಣಗಿದ ಮೇಲೆ ಅಂಟುತ್ತೆ. ಬೋರ್ಡು ತೊಳೆದು ಒಣಗೋಕೆ ಇಟ್ಟೆ.

ಟ್ವೀಜರ್ ಕಾಣಲಿಲ್ಲ. ಅಂಗಡಿಯ ನನ್ನ ಅರ್ಧದಲ್ಲಿ ವಸ್ತು ಕಳೆಯಲ್ಲ, ಆದ್ದರಿಂದ ಇವರ ಅರ್ಧಕ್ಕೆ ಹೋದೆ, ಹೊಲಿಗೆ ಮೆಷಿನ್ನಿನ ಕಡೆಗೆ. ಉಮರ್ ಫಾರೂಖ್ ಸಾಹೇಬರು ತೆಗೆದದ್ದನ್ನು ತೆಗೆದ ಜಾಗದಲ್ಲಿ ಇಟ್ಟ ದಿನ ನಾನು ಮಿಠಾಯಿ ಹಂಚುತ್ತೇನೆ.

ಟ್ವೀಜರ್ ಗೋಡೆಯ ಮೇಲಿತ್ತು, ಇವರ ಗುಂಡುಪಿನ್ನಿನ ಚೌಕಟ್ಟಿಗೆ ಅಂಟಿಕೊಂಡು. ಅಂಗೈ ಅಗಲದ ಹಳೇ ಚೌಕಟ್ಟು. ಪಿನ್ನು ಬೀಳದಿರಲಿ ಅಂತ ಹಿಂದುಗಡೆ ಸ್ಪೀಕರಿನ ಮ್ಯಾಗ್ನೆಟ್ ಕಟ್ಟಿದ್ದಾರೆ. ಮದುವೆಯಾಗಿ ಹನ್ನೊಂದು ವರ್ಷ ದಿನಾ ನೋಡಿದ್ದೇನೆ. ಇವತ್ತು ಕೈಯಲ್ಲಿ ಲೆನ್ಸ್ ಇತ್ತು. ಪಿನ್ನು ಸರಿಸಿದೆ. ಪ್ಲಾಸ್ಟಿಕ್ ಹಾಳೆಯ ಕೆಳಗೆ ಕೂದಲಿನಂಥ ತಾಮ್ರದ ತಂತಿ, ಅಡ್ಡ ಉದ್ದ. ತಂತಿ ಕೂಡುವಲ್ಲೆಲ್ಲ ರಾಗಿಕಾಳಿನಷ್ಟು ಕರೀ ಉಂಗುರ. ಎಂಟು ಸಾಲು, ಸಾಲಿಗೆ ಎಂಟು.

ಅಷ್ಟರಲ್ಲಿ ಅತ್ತೆ ಊಟದ ಡಬ್ಬಿ ತಂದರು.

“ಆ ಮ್ಯಾಗ್ನೆಟ್ ತೆಗೆಯೋ ಅಂತ ಇವನಿಗೆ ಎಷ್ಟು ಸಲ ಹೇಳಿದೀನಿ. ಉಂಗುರದ ನೆನಪೆಲ್ಲ ಅಳಿಸೋಯ್ತದೆ.”

“ಶುರುವಾಯ್ತು ನೋಡು,” ಅಂದರು ಇವರು. “ಅಮ್ಮಿ ಬೆಂಗಳೂರಲ್ಲಿ ಮಣಿ ಪೋಣಿಸಿದ ಕಥೆ.”

ಯಾವಾಗಲೂ ನಾನೂ ಜೊತೆಗೆ ನಗುತ್ತಿದ್ದೆ. ಇವತ್ತು ಆಗಲಿಲ್ಲ. ಡಿಪ್ಲೊಮಾ ಪುಸ್ತಕದಲ್ಲಿ ಒಂದೇ ಒಂದು ಪ್ಯಾರಾ ಇತ್ತು — ಕೋರ್ ಮೆಮೊರಿ. ಚಿಪ್ ಬರೋ ಮುಂಚೆ ಕಂಪ್ಯೂಟರಿನ ನೆನಪು ನಿಲ್ಲುತ್ತಿದ್ದದ್ದು ಇಂಥ ಉಂಗುರಗಳಲ್ಲಿ. ಪರೀಕ್ಷೆಗೆ ಬರಲ್ಲ ಬಿಡಿ ಅಂದಿದ್ದರು ಮೇಷ್ಟ್ರು. ಅದು ಇಲ್ಲಿ, ಪಿನ್ನು ಹೊತ್ತು ಕೂತಿದೆ.

ಮ್ಯಾಗ್ನೆಟ್ ಕಿತ್ತು ಮೋರಿಗೆ ಹಾಕಿದೆ.

ನ. 4. ಮನೆ, ಮಧ್ಯಾಹ್ನ

ಅಂಗಡಿಗೆ ಹೋಗಲಿಲ್ಲ. ಅಮ್ಮಿಯ ಎದುರು ಕೂತು ಎಲ್ಲ ಕೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ.

ಎಪ್ಪತ್ಮೂರನೇ ಇಸವಿ. ಅಮ್ಮಿಗೆ ಹತ್ತೊಂಬತ್ತು. ಬೆಂಗಳೂರಿನ ಸೋದರಮಾವನ ಮನೆಯಲ್ಲಿದ್ದುಕೊಂಡು ಫ್ಯಾಕ್ಟರಿಗೆ ಹೋಗ್ತಿದ್ದರು. ಜರಿ ಕೆಲಸ ಗೊತ್ತಿದ್ದ ಹುಡುಗಿಯರನ್ನೇ ಆರಿಸಿ ತಗೊಂಡರಂತೆ. ಸ್ಟ್ಯಾಂಡಿನ ಲೆನ್ಸಿನ ಕೆಳಗೆ ಸೂಜಿ, ತಂತಿ, ಉಂಗುರ. ಮೂರು ವರ್ಷ. ಆಮೇಲೆ ಮದುವೆ, ತುರುವೇಕೆರೆ. ಪಾಸಾಗದ ಒಂದು ಚೌಕಟ್ಟನ್ನು ಸೂಪರ್‌ವೈಸರ್ ನೆನಪಿಗೆ ಇಟ್ಕೋಮ್ಮ ಅಂತ ಕೊಟ್ಟಿದ್ದರು. ಕಂಪ್ಯೂಟರಿಗೆ ಮೆಮೊರಿ ಮಾಡ್ತಿದ್ದೆ ಅಂತ ಅಮ್ಮಿ ಹೇಳಿದ್ದಕ್ಕೆ ನನ್ನ ಮಾವ, ದಿವಂಗತ ಲಿಯಾಕತ್ ಅಲಿ ಸಾಹೇಬರು, ಊರಿಗೆಲ್ಲ ಹೇಳಿ ನಕ್ಕರಂತೆ. ಮದುವೆ ಮನೆಗಳಲ್ಲಿ ಹೆಂಗಸರು ಕರೆದು ಕೇಳುತ್ತಿದ್ದರಂತೆ — ಬಾರೇ ಕಂಪ್ಯೂಟರ್, ಒಂದು ಲೆಕ್ಕ ಹೇಳು.

“ಆಮೇಲೆ ನಾನೂ ಹೇಳೋದು ಬುಟ್ಟೆ ಕಣೇ.”

ನಾಚಿಕೆಯಾಯ್ತು. ನಾನೂ ನಕ್ಕವಳೇ.

ಕೆಲಸ ಮಾಡೋದು ಹೇಗೆ ಅಂತ ಕೇಳಿದೆ. ಪುಸ್ತಕಕ್ಕಿಂತ ಚೆನ್ನಾಗಿ ಹೇಳಿದರು. “ಒಂದು ಅಡ್ಡ ತಂತಿಗೆ ಅರ್ಧ ಕರೆಂಟು, ಒಂದು ಉದ್ದ ತಂತಿಗೆ ಅರ್ಧ. ಎರಡೂ ಕೂಡೋ ಕಡೆ ಇರೋ ಉಂಗುರದೊಳಗಿನ ಅಯಸ್ಕಾಂತ ಒಂದೇ ತಿರುಗೋದು. ಈ ಕಡೆ ತಿರುಗಿದ್ರೆ ಸೊನ್ನೆ, ಆ ಕಡೆ ತಿರುಗಿದ್ರೆ ಒಂದು. ಕರೆಂಟು ಹೋದ್ರೂ ಹಂಗೇ ಇರ್ತದೆ.”

ಕರೆಂಟು ಹೋದರೂ ಹಂಗೇ. ನಮ್ಮೂರಿಗೆ ಹೇಳಿ ಮಾಡಿಸಿದ ಮೆಮೊರಿ.

ರಾತ್ರಿವರೆಗೂ ಕಾಯಲಾರೆ, ಈಗಲೇ ವನಿತಾಗೆ ಫೋನ್.

ನ. 5

ವನಿತಾ ಡಿಪ್ಲೊಮಾದಲ್ಲಿ ನನ್ನ ಬೆಂಚು, ಈಗ ತಿಪಟೂರಿನ ಕಾಲೇಜಲ್ಲಿ ಲೆಕ್ಚರರ್. 22ನೇ ತಾರೀಕು ಶನಿವಾರ ಅವಳ ಡಿಪಾರ್ಟ್‌ಮೆಂಟಿನಲ್ಲಿ ಕಂಪ್ಯೂಟರ್ ಚರಿತ್ರೆಯ ಪ್ರದರ್ಶನ. ಫ್ಲಾಪಿ, ಪಂಚ್ ಕಾರ್ಡು, ಎಲ್ಲ ಸಿಕ್ಕಿದೆಯಂತೆ. ಇದೊಂದು ಸಿಕ್ಕಿರಲಿಲ್ಲ.

“ಸುಮಯ್ಯ, ಸುಮ್ನೆ ಇಟ್ರೆ ಸೊಳ್ಳೆ ಪರದೆ ತುಂಡು ಅಂತಾರೆ. ಓಡಿಸಿ ತೋರಿಸ್ತೀಯಾ? ಅಮ್ಮನ್ನೂ ಕರ್ಕೊಂಡ್ಬಾ.”

ಓಡಿಸ್ತೀನಿ ಅಂದುಬಿಟ್ಟೆ. ನನ್ನ ಬಾಯಿ.

ಇವರು ಇಸ್ತ್ರಿ ಮಾಡ್ತಾ ಹೇಳಿದರು, “ಅದು ಓಡ್ಲಿಲ್ಲ ಅಂದ್ರೆ? ತುರುವೇಕೆರೇಲಿ ನಕ್ಕಿದ್ದು ಸಾಲ್ದು ಅಂತ ತಿಪಟೂರಲ್ಲೂ ನಗಿಸ್ತೀಯೇನು ಅಮ್ಮೀನ?”

ಮೈ ಉರಿಯಿತು. ಆದರೆ ಮಾತು ಸುಳ್ಳಲ್ಲ.

ನ. 6, ರಾತ್ರಿ

ಇವತ್ತು ಒಬ್ಬರ ಮೊಬೈಲಿಗೆ 64 ಜಿಬಿ ಕಾರ್ಡು ಹಾಕಿಕೊಟ್ಟೆ. ಉಗುರಿನಷ್ಟಿದೆ. ಅಮ್ಮಿಯ ಚೌಕಟ್ಟಿನಲ್ಲಿ ಬರೀ ಅರವತ್ತನಾಲ್ಕು ಚುಕ್ಕೆ, ಅದಕ್ಕೆ ದಿನಪೂರ್ತಿ ಕಣ್ಣು. ಚಂದ್ರನ ಮೇಲೆ ಇಳಿದ ನೌಕೆಯ ಮೆಮೊರಿಯನ್ನೂ ಅಮೆರಿಕದಲ್ಲಿ ಹೆಂಗಸರೇ ಕೂತು ಪೋಣಿಸಿದ್ದಂತೆ. ಓದ್ತಾ ಓದ್ತಾ ಸಾರು ಸೀದುಹೋಯ್ತು. ಇವರು ಮಾತಾಡದೆ ತಿಂದರು, ಪಾಪ.

ಅಡ್ಡ, ಉದ್ದ ತಂತಿ ಎಲ್ಲ ಗಟ್ಟಿ. ಆದರೆ ಎಲ್ಲ ಉಂಗುರದೊಳಗೂ ಹಾದುಹೋಗುವ ಮೂರನೇ ತಂತಿ, ಉಂಗುರ ತಿರುಗಿತೋ ಇಲ್ಲವೋ ಅಂತ ಕೇಳಿಸಿಕೊಳ್ಳೋದು, ಅದು ನಾಲ್ಕು ಕಡೆ ತುಂಡು. ಪೂರ್ತಿ ತೆಗೆದು ಹೊಸದು ಪೋಣಿಸಬೇಕು. ಅಮ್ಮಿಗೆ ಹೇಳೋದಿಲ್ಲ. ಮಾಡಿಯೇ ತೋರಿಸ್ತೀನಿ.

ನ. 15. ಶನಿವಾರ

ಒಂಬತ್ತು ದಿನ ಬರೆದಿಲ್ಲ. ಬರೆಯೋಕೆ ಏನಿತ್ತು… ತಂತಿ ಪೋಣಿಸಿದೆ. ತಂತಿಗೆ ಕರೆಂಟು ಕೊಡೋ ಡ್ರೈವರ್ ಬೋರ್ಡು ತರಿಸಿದೆ, ಕೋಡ್ ಬರೆದೆ, ನೂರು ಸಲ ಓಡಿಸಿದೆ. ಬರೀ ಗಲಾಟೆ. ಒಂದು ಉಂಗುರ ಕೇಳಿದರೆ ಸಾಲಿನ ಎಂಟೂ ಉತ್ತರ ಕೊಡ್ತಾವೆ. ಇನ್ನು ಏಳು ದಿನ. ಹೊಂಬಾಳಮ್ಮ ಮೊಬೈಲಿಗೆ ಮೂರು ಸಲ ಬಂದು ಹೋದರು. ಆಗಲ್ಲ ಅಂತ ವನಿತಾಗೆ ಹೇಳಿಬಿಡೋಣ ಅನ್ನಿಸ್ತಿದೆ.

ನ. 16. ಭಾನುವಾರ, 11 ಗಂಟೆ

ಹೇಳೋಕೆ ಮುಂಚೆ ಅಮ್ಮಿಗೆ ತೋರಿಸಿದೆ. ಮೈಕ್ರೋಸ್ಕೋಪಿನ ಪರದೆಯ ಮುಂದೆ ಕೂರಿಸಿದೆ. ಐವತ್ತು ವರ್ಷದ ಮೇಲೆ ಉಂಗುರಗಳನ್ನು ಅಷ್ಟು ದೊಡ್ಡದಾಗಿ ನೋಡಿ ಒಂದೊಂದೇ ಸಾಲಿಗೆ ಬೆರಳಿಟ್ಟು ಎಣಿಸಿದರು. ಆಮೇಲೆ ಜೋರಾಗಿ ನಗು.

“ಟೈಲರ್ ಮನೆ ಸೊಸೆ ಅನ್ನೋದು ತೋರಿಸ್ಬುಟ್ಟೆ ಕಣೇ.”

ನಾನು ತಂತಿಯನ್ನು ಸಾಲು ಹಿಡಿದು ಸೀದಾ ಹಾಕಿದ್ದೆ. ಈ ಸಾಲು ಹೋಗಿ ಆ ಸಾಲು ಬಂದು, ನೀಟಾಗಿ, ಥೇಟ್ ಕಚ್ಚಾ ಹೊಲಿಗೆ.

“ಸೀದಾ ಹೋದ್ರೆ ಸಾಲಿನ ಗಲಾಟೆ ಪೂರ್ತಿ ಕೇಳ್ತದೆ. ಓರೆಗೆ ಹೋಗ್ಬೇಕು. ಆಗ ಅರ್ಧ ಉಂಗುರ ಈ ಕಡೆಗೆ ಕೂಗಿದ್ರೆ ಇನ್ನರ್ಧ ಆ ಕಡೆಗೆ ಕೂಗ್ತಾವೆ. ಒಂದಕ್ಕೊಂದು ಸಮ ಆಗೋಯ್ತದೆ. ತಿರುಗಿದ್ದು ಒಂದೇ ಕೇಳ್ತದೆ.”

ನನ್ನ ತಂತಿಯನ್ನು ಪೂರ್ತಿ ಎಳೆದು ಹಾಕಿದರು. ಪೆಟ್ಟಿಗೆಯಿಂದ ಜರಿ ಸೂಜಿ ತೆಗೆದರು. ಎಪ್ಪತ್ತೊಂದು ವರ್ಷ, ಎರಡೂ ಕಣ್ಣಿಗೆ ಆಪರೇಷನ್ ಆಗಿದೆ. ಕೈ ಮಾತ್ರ ಒಂದು ಸಲವೂ ಅಲುಗಲಿಲ್ಲ. ಮಾತು ಬೇಡ ಅಂದರು, ಫ್ಯಾನ್ ಆರಿಸು ಅಂದರು. ನಾನು ಪರದೆಯಲ್ಲಿ ನೋಡ್ತಿದ್ದೆ. ಇಷ್ಟು ಚೆನ್ನಾಗಿರೋದನ್ನ ನಾನು ಯಾವ ಬೋರ್ಡಿನಲ್ಲೂ ನೋಡಿಲ್ಲ.

ನ. 18, ಮಧ್ಯಾಹ್ನ 3.10

ಬಂತು. ಬಂತು ಬಂತು ಬಂತು.

ಮೊದಲನೇ ಸಾಲು, ಮೊದಲನೇ ಉಂಗುರ. ಒಂದು ಬರೆದೆ, ಪ್ಲಗ್ ಕಿತ್ತೆ, ಟೀ ಕುಡಿದು ಬಂದೆ, ಪ್ಲಗ್ ಹಾಕಿ ಓದಿದೆ — ಒಂದು. ಸೊನ್ನೆ ಬರೆದೆ — ಸೊನ್ನೆ. ಹದಿನೆಂಟು ಸಲ. ಅಮ್ಮಿಯನ್ನು ತಬ್ಬಿಕೊಂಡೆ. “ಬುಡೇ, ಬಿಸಿ ಇಸ್ತ್ರಿ ಪೆಟ್ಟಿಗೆ ಹಿಂದೆ ಅದೆ,” ಅಂದರು.

ಇವರು ಬಗ್ಗಿ ನೋಡಿದರು. “ಒಂದು ಸರಿ. ಉಳಿದ ಅರವತ್ಮೂರು?”

ಈ ಮನುಷ್ಯ.

ನ. 21, ಸಂಜೆ

ಮೊದಲ ನಾಲ್ಕು ಸಾಲು ಪಕ್ಕಾ. ಇನ್ನು ನಾಲ್ಕಕ್ಕೆ ಬೋರ್ಡು ಈಗ ತಾನೇ ಕೊರಿಯರಿನಲ್ಲಿ ಬಂತು. ಟೆಸ್ಟ್ ಮಾಡೋಕೆ ಟೈಮಿಲ್ಲ. ನಾಳೆ ಪ್ರದರ್ಶನದ ಮೇಜಿನ ಮೇಲೆಯೇ ಸೋಲ್ಡರ್ ಮಾಡ್ತೀನಿ. ಅಮ್ಮಿ ಹೊಸ ದುಪಟ್ಟಾ ಇಸ್ತ್ರಿ ಮಾಡಿಸಿಕೊಂಡಿದ್ದಾರೆ. ಹೆದರಿಕೆ ಇಲ್ವಾ ಅಮ್ಮಿ ಅಂದೆ. “ಅದೆ. ಎಂಟೂವರೆ ಬಸ್ಸು ತಾನೆ?”

ನ. 22. ಶನಿವಾರ, 1.20. ತಿಪಟೂರು, ಕಾಲೇಜು

ಊಟದ ಬ್ರೇಕು. ಮರೆಯೋ ಮುಂಚೆ ಬರೀತೀನಿ.

ಹನ್ನೊಂದೂವರೆಗೆ ಕೊನೇ ಸೋಲ್ಡರ್. ಹಾಲ್ ತುಂಬ ಹುಡುಗಿಯರು, ಪ್ರಿನ್ಸಿಪಾಲರು. ಇವರೂ ಅಂಗಡಿ ಬಾಗಿಲು ಹಾಕಿ ಬಂದು ಹಿಂದೆ ನಿಂತಿದ್ದರು. ಉಂಗುರಕ್ಕೊಂದರಂತೆ ಅರವತ್ತನಾಲ್ಕು ಚುಕ್ಕೆಯಲ್ಲಿ ‘ಸ’ ಬರೆದೆ. ಬೋರ್ಡಿನ ತಂತಿ ಬಿಚ್ಚಿದೆ. ವನಿತಾ ಚೌಕಟ್ಟನ್ನು ಕೈಯಿಂದ ಕೈಗೆ ಹಾಲ್ ಸುತ್ತ ಕಳಿಸಿದಳು, ಕರೆಂಟಿಲ್ಲ ಏನಿಲ್ಲ ನೋಡ್ಕೊಳ್ಳಿ ಅಂತ. ವಾಪಸ್ ಬಂತು. ಜೋಡಿಸಿ ಓದಿದೆ.

ಪರದೆಯ ಮೇಲೆ ‘ಸ’. ಎಲ್ಲರೂ ಚಪ್ಪಾಳೆ.

ಯಾರೋ ಅಂದರು, “ಒಂದು ಚುಕ್ಕೆ ಬಂದಿಲ್ಲ, ಅಲ್ವಾ?”

ನನ್ನ ಸೋಲ್ಡರ್ ಕೈಕೊಟ್ಟಿತು ಅಂದುಕೊಂಡೆ. ಅಮ್ಮಿ ಪರದೆಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತಿದ್ದರು. ತಿರುಗಿ ನೋಡಲೂ ಇಲ್ಲ.

“ಆರನೇ ಸಾಲು, ಮೂರನೇದಾ?”

ಎಣಿಸಿದೆ. ಆರನೇ ಸಾಲು. ಮೂರನೇದು.

“ಅದೇ. ಪೋಣಿಸುವಾಗ ನನ್ನ ಸೂಜಿ ತಾಗಿ ಸೀಳ್ತು. ಅದಕ್ಕೇ ಫೇಲ್ ಮಾಡಿದ್ರು. ಆವತ್ತು ಪೂರಾ ಅತ್ತಿದ್ದೆ.”

ಇವರು ಮುಂದೆ ಬಂದು, ಯಾರನ್ನೂ ಕೇಳದೆ ಮೇಜಿನ ಮೇಲಿದ್ದ ನನ್ನ ಮೈಕ್ರೋಸ್ಕೋಪಿಗೆ ಚೌಕಟ್ಟು ಹಿಡಿದರು. ಆರು. ಮೂರು. ಉಂಗುರದಲ್ಲಿ ಕೂದಲೆಳೆಯಷ್ಟು ಸೀಳು. ತುಂಬ ಹೊತ್ತು ನೋಡಿದರು.

“ಅಮ್ಮಿ… ನಾನು ಇದಕ್ಕೆ ಪಿನ್ನು ಅಂಟಿಸ್ತಿದ್ದೆ.”

“ಅಂಟಿಸ್ತಿದ್ದೆ. ಈಗ ಆ ಮಕ್ಕಳಿಗೆ ಹೇಳು ಹೋಗು, ಇದೇನು ಅಂತ.”

ಆವಾಗಿಂದ ಇವರು ಊಟಕ್ಕೂ ಬಂದಿಲ್ಲ. ಮೇಜಿನ ಹತ್ತಿರ ಮೈಕ್ ಹಿಡಿದು ನಿಂತು ಬಂದವರಿಗೆಲ್ಲ ಹೇಳ್ತಿದ್ದಾರೆ, ಇಲ್ಲಿಗೇ ಕೇಳಿಸ್ತಿದೆ: ನಮ್ಮಮ್ಮ ಮಾಡಿದ್ದು, ಕಂಪ್ಯೂಟರಿನ ಮೆಮೊರಿ, ಅಡ್ಡಕ್ಕೆ ಪೂರಾ ಕರೆಂಟು, ಉದ್ದಕ್ಕೆ ಪೂರಾ — ಅಯ್ಯೋ, ಪೂರಾ ಅಲ್ಲ, ಅರ್ಧ ಅರ್ಧ. ಅಮ್ಮಿ ಎದ್ದರು. ಇವರ ಕೈಯಿಂದ ಮೈಕ್ ಕಿತ್ಕೊಂಡು ತಾವೇ ಹೇಳೋಕೆ ಶುರುಮಾಡಿದರು. ನಾನು ಹೊರಟೆ, ಕೇಳ್ಬೇಕು.