ಹಸಿ ಬಣ್ಣದ ಹೊಸ್ತಿಲು

ಮೇಲಿನ ಮನೆ,
ಮಾರ್ಚ್ ಹದಿನಾರು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅತ್ತೆಯವರಿಗೆ ಸೊಸೆಯ ನಮಸ್ಕಾರಗಳು.

ನಿಮ್ಮ ಕಣ್ಣು ಹೇಗಿದೆ? ಪೊರೆ ಬಲಿತು ಈಗ ಯಾರು ಬಂದರೂ ದನಿಯಿಂದಲೇ ಗುರುತು ಹಿಡಿಯುತ್ತಿದ್ದೀರಿ ಎಂದು ನಾದಿನಿ ಬರೆದಿದ್ದಳು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲ ಬಾಟಲಿ ಗೂಡಿನಲ್ಲೇ ಕೂತಿದೆಯೇ? ಮಾತ್ರೆ ತಪ್ಪಿಸಿದರೆ ನನಗೆ ಗೊತ್ತಾಗುತ್ತದೆ, ನಿಮ್ಮ ಮನೆಯಲ್ಲೇ ನನ್ನ ಗೂಢಚಾರಿಣಿ ಇದ್ದಾಳೆ. ಈ ಪತ್ರ ಓದಿ ಹೇಳುವವಳೂ ಅವಳೇ ಅಲ್ಲವೇ, ಅವಳಿಗೊಂದು ಮಾತು: ನಡುವೆ ನಿಲ್ಲಿಸಿ ಮೂಗೊರೆಸಿಕೊಳ್ಳುತ್ತ ಕೂತರೆ ಅಮ್ಮನಿಗೆ ಗಾಬರಿಯಾಗುತ್ತದೆ, ನಿಲ್ಲಿಸದೆ ಓದು. ಎಲ್ಲ ಮುಗಿದು, ಒಳ್ಳೆಯದೇ ಆದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಮಗ ಪಕ್ಕದ ಕೋಣೆಯಲ್ಲಿ ಬಾಯಿ ತೆರೆದು ಮಲಗಿದ್ದಾರೆ. ಹನ್ನೊಂದು ವರ್ಷದಿಂದ ಆ ಗೊರಕೆಗೆ ಬೈಯುತ್ತ ಬಂದವಳು ನಾನು. ಇವತ್ತು ಕೋಣೆಯ ಬಾಗಿಲು ತೆರೆದಿಟ್ಟುಕೊಂಡು ಕೇಳುತ್ತಿದ್ದೇನೆ.

ಮೊದಲು ನನ್ನ ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ಐದು ವಾರ ಅವರು ದೂರದಲ್ಲೆಲ್ಲೋ ದೊಡ್ಡ ಕಟ್ಟಡಕ್ಕೆ ಟೈಲ್ಸ್ ಹಾಕಲು ಹೋಗಿದ್ದಾರೆ, ಅಲ್ಲಿ ಫೋನು ಸಿಗುವುದಿಲ್ಲ ಎಂದು ಹೇಳುತ್ತಿದ್ದೆನಲ್ಲ. "ಅಷ್ಟು ದೊಡ್ಡ ಕಟ್ಟಡದಲ್ಲಿ ಒಂದು ಫೋನಿಲ್ವೇನೇ?" ಎಂದು ನೀವು ಕೇಳಿದಾಗ ಹಾಲು ಉಕ್ಕುತ್ತಿದೆ ಎಂದು ಫೋನಿಟ್ಟುಬಿಟ್ಟಿದ್ದೆ. ಅವರು ಕೆಲಸಕ್ಕೆ ಹೋಗಿರಲಿಲ್ಲ. ಕಾಗದಪತ್ರ ಇಲ್ಲದವರನ್ನು ದೇಶದಿಂದ ಹೊರಗೆ ಕಳಿಸುವ ಮುಂಚೆ ಇಡುವ ಬಂಧನ ಕೇಂದ್ರದಲ್ಲಿದ್ದರು. ನಮ್ಮ ಪರವಾನಗಿಯ ಕಥೆ ನಿಮಗೆ ಗೊತ್ತೇ ಇದೆ. ಕರೆಸಿಕೊಂಡ ಕಂಪನಿ ಮುಚ್ಚಿತು, ಅದರ ಜೊತೆಗೇ ನಮ್ಮ ಕಾಗದದ ಆಯುಷ್ಯವೂ ಮುಗಿಯಿತು. ಪುಟ್ಟಿ ಆಗ ಹೊಟ್ಟೆಯಲ್ಲಿದ್ದಳು. ಈಗ ಎಂಟು ವರ್ಷದಿಂದ ಖಾಕಿ ಬಟ್ಟೆ ಕಂಡರೂ ಸಾಕು, ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇವೆ.

ಇದಕ್ಕೆಲ್ಲ ಕಾರಣ ನೀವೇ, ಬೇಜಾರು ಮಾಡಿಕೊಳ್ಳಬೇಡಿ. ಬಾಗಿಲಿಗೆ ಬಂದವರನ್ನು ಹೊರಗೇ ನಿಲ್ಲಿಸಿ ಮಾತಾಡಿಸಬಾರದು, ಒಳಗೆ ಕರೆದು ಕೂರಿಸಬೇಕು ಎಂದು ಚಿಕ್ಕಂದಿನಿಂದ ಮಗನಿಗೆ ಕಲಿಸಿದಿರಲ್ಲ, ಅದು ಅವರ ಎಲುಬಿಗೇ ಇಳಿದಿದೆ. ಪುಟ್ಟಿಯ ಶಾಲೆಯಲ್ಲಿ ನಡೆದ ಒಂದು ಸಭೆಗೆ ವಕೀಲರೊಬ್ಬರು ಬಂದಿದ್ದರು, ನನಗಿಂತ ಚಿಕ್ಕ ಹೆಣ್ಣುಮಗಳು. ಈ ದೇಶದ ಕಾನೂನಿನಲ್ಲಿ ಕಾಗದ ಇರುವವರಿಗೂ ಇಲ್ಲದವರಿಗೂ ಒಂದು ಹಕ್ಕಿದೆಯಂತೆ. ನ್ಯಾಯಾಧೀಶರು ಸಹಿ ಮಾಡಿದ ಆದೇಶ ಇಲ್ಲದೆ, ಒಳಗಿರುವವರು ಬಿಟ್ಟುಕೊಳ್ಳದೆ, ಯಾವ ಅಧಿಕಾರಿಯೂ ಮನೆಯೊಳಗೆ ಕಾಲಿಡುವಂತಿಲ್ಲ. ಹಾಗೆಂದು ಅಚ್ಚು ಹಾಕಿಸಿದ ಒಂದು ಚೀಟಿ ಕೊಟ್ಟರು. ಬಾಗಿಲು ತೆರೆಯಬೇಡಿ, ಆದೇಶವಿದ್ದರೆ ಕೆಳಗಿನ ಸಂದಿಯಿಂದ ತಳ್ಳಲು ಹೇಳಿ ಎಂದು ಅದರಲ್ಲಿತ್ತು. ಅದನ್ನು ಬಾಗಿಲ ಒಳಬದಿಗೆ ಅಂಟಿಸಿ, ನಿಮ್ಮ ಮಗನ ಬಾಯಲ್ಲಿ ಮೂರು ಸಲ ಓದಿಸಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ಈಗ ನಗುತ್ತಾ ಬರೆಯಬಹುದು.

ಫೆಬ್ರವರಿ ಮೊದಲ ವಾರ. ಹಿಂದಿನ ದಿನ ಕೂರಿಸಿದ ಟೈಲ್ಸ್ ಇನ್ನೂ ಗಟ್ಟಿಯಾಗಿರಲಿಲ್ಲ, ಅದಕ್ಕೆ ಅವರು ಮನೆಯಲ್ಲಿದ್ದರು. ನಾನು ಲಾಂಡ್ರಿಯಲ್ಲಿ ಹೋಟೆಲಿನ ದುಪ್ಪಟಿಗಳಿಗೆ ಇಸ್ತ್ರಿ ಹಾಕುತ್ತಿದ್ದೆ, ಪುಟ್ಟಿ ಶಾಲೆಯಲ್ಲಿ. ಕೆಳಗಿನ ಮನೆಯಲ್ಲಿರುವ ನಮ್ಮ ಓನರು ವರ್ಷಕ್ಕೊಮ್ಮೆ ಕಟ್ಟಡದ ಮರಕ್ಕೆಲ್ಲ ತಾವೇ ಬಣ್ಣ ಬಳಿಯುತ್ತಾರೆ. ಸೊಂಟದಲ್ಲಿ ಯಾವಾಗಲೂ ಕೀಲಿಗೊಂಚಲು ಇರುವುದರಿಂದ ಅವರಿಗೆ ಬೀಗದಮ್ಮ ಎಂದು ಹೆಸರಿಟ್ಟವಳು ಪುಟ್ಟಿ. ಅವತ್ತು ನಮ್ಮ ಹೊಸ್ತಿಲಿಗೆ ಕಂದು ಬಣ್ಣ ಬಳಿದು, ಸಾಯಂಕಾಲದವರೆಗೆ ಯಾರೂ ತುಳಿಯಕೂಡದು ಎಂದು ಅಪ್ಪಣೆ ಮಾಡಿ, ನಾಲ್ಕು ಮೆಟ್ಟಿಲು ಕೆಳಗೆ ಕೂತು ಪಕ್ಕದ ಮರದ ಕಟಕಟೆಗೆ ಬಳಿಯುತ್ತಿದ್ದರು. ಆಗ ಇಬ್ಬರು ಅಧಿಕಾರಿಗಳು ಅವರನ್ನು ದಾಟಿಕೊಂಡು ಮೇಲೆ ಬಂದರು. ಅವರು ಹುಡುಕುತ್ತಿದ್ದದ್ದು ನಮ್ಮನ್ನಲ್ಲ, ಈ ಮನೆಯಲ್ಲಿ ಮುಂಚೆ ಇದ್ದ ಬಾಡಿಗೆಯವನನ್ನು.

ಬಾಗಿಲು ತಟ್ಟಿದರು. ಟೈಲ್ಸ್ ಕೆಲಸದವರಿಗೆ ಹಸಿ ನೆಲವನ್ನು ಯಾರಾದರೂ ತುಳಿದರೆ ತಮ್ಮ ಎದೆಯನ್ನೇ ತುಳಿದಂತೆ. ಚೀಟಿ ಕಣ್ಣ ಮುಂದೆಯೇ ಇದ್ದರೂ ಇವರು ಒಂದು ಗೇಣು ಬಾಗಿಲು ತೆರೆದದ್ದು "ಬಣ್ಣ ಹಸಿ ಇದೆ, ತುಳೀಬೇಡಿ" ಎಂದು ಹೇಳುವುದಕ್ಕೆ. ಮಾತು ಮುಗಿಯುವ ಮುಂಚೆ ಒಬ್ಬನ ಬೂಟು ಹೊಸ್ತಿಲ ಮೇಲೆ ಬಿದ್ದಿತ್ತು, ಇನ್ನೊಂದು ಕಾಲು ಮನೆಯೊಳಗಿತ್ತು. ಅಷ್ಟಾದ ಮೇಲೆ ನಿಮ್ಮ ಮಗ ಮಾಡಿದ್ದೇನು ಗೊತ್ತೇ? "ಬನ್ನಿ, ಕೂತ್ಕೊಳ್ಳಿ" ಎಂದು ಎರಡು ಕುರ್ಚಿ ಎಳೆದು, ನೀರು ತಂದುಕೊಟ್ಟರು. ನೀರು ಕುಡಿದವರು ಲೋಟ ಕೆಳಗಿಟ್ಟು ನಿಮ್ಮ ಕಾಗದ ತೋರಿಸಿ ಎಂದರು.

ಮನೆಯವನೇ ಬನ್ನಿ ಅಂದ, ಆಮೇಲೆ ಒಳಗೆ ಹೋದೆವು ಎಂದು ಅವರು ವರದಿ ಬರೆದರು. ಶಾಲೆಗೆ ಬಂದಿದ್ದ ಆ ವಕೀಲಮ್ಮ ಅದನ್ನು ಓದಿ ಹಣೆ ಒತ್ತಿಕೊಂಡರು. ಮೊದಲು ಕರೆದದ್ದಾದರೆ ಇವರನ್ನು ಕಳಿಸಿಬಿಡುತ್ತಾರೆ, ಮೊದಲು ಕಾಲಿಟ್ಟದ್ದಾದರೆ ಅಲ್ಲಿ ಕೇಳಿ ತಿಳಿದದ್ದು ಯಾವುದೂ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಬಿಡಿಸಬಹುದು. ನಿಮ್ಮ ಮಗನ ಮಾತು ಒಂದು ಕಡೆ, ಇಬ್ಬರು ಅಧಿಕಾರಿಗಳ ಮಾತು ಇನ್ನೊಂದು ಕಡೆ. ನೋಡಿದವರು ಬೇರೆ ಯಾರಾದರೂ ಇದ್ದರೆ ಅದು ಬೀಗದಮ್ಮ ಮಾತ್ರ.

ಅದೇ ನನಗೆ ನುಂಗಲಾರದ ತುತ್ತಾಯಿತು. ಇಲ್ಲಿ ಚುನಾವಣೆಯ ಕಾಲ. ಕಾಗದ ಇಲ್ಲದವರನ್ನೆಲ್ಲ ಕಳಿಸಬೇಕು, ಅವರಿಗೆಂಥ ಹಕ್ಕು ಎನ್ನುವ ಪಕ್ಷದ ಪೋಸ್ಟರು ಬೀಗದಮ್ಮನ ಕಿಟಕಿಯಲ್ಲಿದೆ. ಅದಕ್ಕೆ ಅಂಟಿಕೊಂಡೇ ಅವರ ತಮ್ಮನ ಕ್ಷೌರದಂಗಡಿ, ಅದರ ಗಾಜಿನ ಮೇಲೆ ಎದುರು ಪಕ್ಷದ ಪೋಸ್ಟರು. ಕಾನೂನು ಇರೋದು ಮನುಷ್ಯನಿಗೆ, ಅವನ ಜೇಬಲ್ಲಿರೋ ಕಾಗದಕ್ಕಲ್ಲ ಎಂದು ತಮ್ಮನ ವಾದ. "ಮೊದಲು ಗಿರಾಕಿ ಮೀಸೆ ಎರಡೂ ಕಡೆ ಸಮ ಮಾಡು, ಆಮೇಲೆ ದೇಶ ಸಮ ಮಾಡುವಂತೆ" ಎಂದು ಅಕ್ಕನ ಉತ್ತರ. ಇಬ್ಬರೂ ಎಣ್ಣೆ ಸೀಗೇಕಾಯಿ, ಆದರೆ ಮಧ್ಯಾಹ್ನದ ಊಟ ಮಾತ್ರ ಒಟ್ಟಿಗೇ. ಬೀಗದಮ್ಮ ನನಗೂ ಒಮ್ಮೆ ನೇರವಾಗಿಯೇ ಹೇಳಿದ್ದರು, "ನಿನ್ನ ಮೇಲೆ ನಂಗೇನೂ ಕೋಪ ಇಲ್ಲಮ್ಮ, ಆದ್ರೆ ನೀವು ಇಲ್ಲಿರಬಾರದು." ಅದನ್ನು ಹೇಳಿದ್ದು ಪುಟ್ಟಿಗೆ ಜ್ವರ ಬಂದಾಗ ತಮ್ಮ ಕಂಬಳಿ ತಂದು ಹೊದಿಸುತ್ತ.

ಅಂಥವರ ಮುಂದೆ ಹೋಗಿ ಸಾಕ್ಷಿ ಹೇಳಿ ಎನ್ನುವುದು ಹೇಗೆ? ಮೂರು ದಿನ ಅರ್ಧ ಮೆಟ್ಟಿಲಿಳಿದು ವಾಪಸು ಬಂದೆ. ನಾಲ್ಕನೆಯ ದಿನ ವರದಿಯ ನಕಲು ಹಿಡಿದು ಬಾಗಿಲು ತಟ್ಟಿದೆ. "ನಾನು ಯಾರ ಪರವಾಗಿಯೂ ಬರಲ್ಲ" ಎಂದರು. ಬರುವುದು ಬೇಡ, ಇದನ್ನು ಕೇಳಿ ಸಾಕು ಎಂದು ಓದಿದೆ. ಮನೆಯವನು ಕರೆದ, ಒಳಗೆ ಹೋದೆವು, ಅಲ್ಲಿ ಬೇರೆ ಯಾರೂ ಇರಲಿಲ್ಲ ಎಂಬಲ್ಲಿಗೆ ಬಂದಾಗ ಬೀಗದಮ್ಮ ಎದ್ದು ನಿಂತರು, ಕೀಲಿಗಳೆಲ್ಲ ಝಣ್ ಎಂದವು. "ಯಾರೂ ಇರ್ಲಿಲ್ವಾ? ಹಾಗಾದ್ರೆ ಮೆಟ್ಟಿಲ ಮೇಲಿಂದ ಅಷ್ಟು ಜೋರಾಗಿ ಕೂಗಿದ್ದು ಯಾರು?" ಎಂದರು.

ತಮ್ಮನ ಜೊತೆ ಕೋರ್ಟಿಗೆ ಬರುವಾಗ ಎದೆಯ ಮೇಲೆ ಕಿಟಕಿಯ ಪೋಸ್ಟರಿನ ಪಕ್ಷದ ಬಿಲ್ಲೆ ಹಾಕಿಕೊಂಡೇ ಬಂದರು. ಈ ಕುಟುಂಬ ಇಲ್ಲೇ ಇರಲಿ ಅಂತ ನಿಮ್ಮ ಆಸೆಯೇ ಎಂದು ಸರ್ಕಾರಿ ವಕೀಲ ಕೇಳಿದಾಗ ಅವರು ಹೇಳಿದ್ದು ನನಗೆ ಬಾಯಿಪಾಠವಾಗಿದೆ: "ಇಲ್ಲ. ಹೋಗ್ಬೇಕು ಅಂತಾನೇ ನಾನು ವೋಟು ಹಾಕೋದು. ಆದ್ರೆ ಅವತ್ತು ಮೊದಲು ಕಾಲು ಬಂತು, ಆಮೇಲೆ ಮಾತು ಬಂತು. ನಾನು ಕೂಗಿದ್ದು ಆ ಕಾಲಿಗೆ." ಬೂಟಿನ ಗುರುತು ಇನ್ನೂ ಹಾಗೇ ಇತ್ತು, ಹಿಮ್ಮಡಿ ಹೊರಗೆ, ತುದಿ ಮನೆಯ ಕಡೆಗೆ. ತುಳಿದವನು ಬಂದು ತಪ್ಪಾಯಿತು ಅನ್ನುವವರೆಗೆ ಮತ್ತೆ ಬಣ್ಣ ಬಳಿಯುವುದಿಲ್ಲ ಎಂದು ಈ ಪುಣ್ಯಾತ್ಗಿತ್ತಿ ಹಟ ಹಿಡಿದಿದ್ದರು. ವಕೀಲಮ್ಮ ಅದರ ಫೋಟೋ ಕೊಟ್ಟರು. ನ್ಯಾಯಾಧೀಶರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಊಟದ ವಿರಾಮ ಮುಗಿಸಿ ಬಂದು, ಈ ಪ್ರವೇಶ ಕಾನೂನಿನದ್ದಲ್ಲ, ಇವರನ್ನು ಬಿಡಿ ಎಂದರು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು, ಅತ್ತೆ. ಅಳು ಬರಲಿಲ್ಲ, ಹಸಿವಾಯಿತು.

ಬರುವಾಗ ಬಸ್ಸಿನಲ್ಲಿ ಅಕ್ಕ ತಮ್ಮ ಮತ್ತೆ ಶುರು ಮಾಡಿದರು. "ನೋಡಿದ್ಯಾ, ಇದನ್ನೇ ಹಕ್ಕು ಅನ್ನೋದು" ಎಂದು ತಮ್ಮ, "ನಿಜ ಹೇಳಿದ್ದೀನಿ, ನಿನ್ನ ಪಾರ್ಟಿ ಸೇರಿಲ್ಲ" ಎಂದು ಅಕ್ಕ. ನಡುವೆ ನಿಮ್ಮ ಮಗ, ಎರಡೂ ಕಡೆಗೆ ತಲೆ ಆಡಿಸುತ್ತ. ಮೆಟ್ಟಿಲು ಹತ್ತಿ ಬಂದ ಇವರು ಹೊಸ್ತಿಲ ಮೇಲಿನ ಆ ಗುರುತನ್ನು ತುಳಿಯದೆ ದಾಟಿ ಒಳಗೆ ಹೋದರು. ಮರುದಿನ ಬೀಗದಮ್ಮನೇ ಬಣ್ಣದ ಡಬ್ಬಿ ತಂದು ಇವರ ಕೈಗೆ ಕೊಟ್ಟು, "ತಪ್ಪಾಯ್ತು ಅನ್ನೋಕೆ ಅವನು ಬರೋ ಹಾಗೆ ಕಾಣಲ್ಲ, ನೀನೇ ಬಳಿ" ಎಂದರು. ಉಜ್ಜಿ ಎರಡು ಕೈ ಬಣ್ಣ ಕೊಟ್ಟಿದ್ದಾರೆ, ಈಗ ಮುಖ ಕಾಣುವಷ್ಟು ಹೊಳೆಯುತ್ತಿದೆ. ಬೀಗದಮ್ಮನ ಕಿಟಕಿಯ ಪೋಸ್ಟರು ಮಾತ್ರ ಇದ್ದಲ್ಲೇ ಇದೆ.

ಪುಟ್ಟಿ ಅಜ್ಜಿಗೆಂದು ಒಂದು ಚಿತ್ರ ಬರೆದಿದ್ದಾಳೆ, ಜೊತೆಗಿಟ್ಟಿದ್ದೇನೆ. ಕೀಲಿ ಜಾಸ್ತಿ ಇರುವುದು ಬೀಗದಮ್ಮ, ಹಲ್ಲು ಜಾಸ್ತಿ ಇರುವುದು ಅವಳಪ್ಪ. ನಾದಿನಿಗೆ ನನ್ನ ಪ್ರೀತಿ, ನಿಮ್ಮ ಪಾದಕ್ಕೆ ಮೂವರ ನಮಸ್ಕಾರ.

ನಿಮ್ಮ ಸುಳ್ಳುಬುರುಕ ಸೊಸೆ

ಮರೆತ ವಿಷಯ: ಇದನ್ನು ಬರೆಯಲು ಮರೆತಿದ್ದೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಇರುತ್ತಾರೆ. ಮಗ ಬಂದ ಮೇಲೆಯೇ ಕಣ್ಣಿನ ಆಪರೇಷನ್ ಎಂದಿದ್ದೀರಂತೆ. ಅತ್ತೆ, ಅವರನ್ನು ಬಿಟ್ಟಿದ್ದಾರೆ ಅಷ್ಟೇ, ಕಾಗದ ಕೊಟ್ಟಿಲ್ಲ. ಹೊಸ ಅರ್ಜಿ ಇತ್ಯರ್ಥವಾಗಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಅವರು ಇಲ್ಲಿಂದ ಹೊರಟರೆ ಯಾರೂ ತಡೆಯುವುದಿಲ್ಲ, ಆದರೆ ತಿರುಗಿ ಒಳಗೆ ಬಿಡುವುದಿಲ್ಲ. ಆಮೇಲೆ ಪುಟ್ಟಿ ಇಲ್ಲಿ, ಅವಳಪ್ಪ ಅಲ್ಲಿ. ಬಾಗಿಲು ತಟ್ಟಿದ ಅಧಿಕಾರಿಗೇ ಇಲ್ಲ ಎನ್ನಲು ಬಾರದವರು, ನೀವು ಬಾ ಎಂದರೆ ಹಾಕಿದ ಬಟ್ಟೆಯಲ್ಲೇ ಹೊರಟುಬಿಡುತ್ತಾರೆ. ಅದಕ್ಕೇ ಕಾಲು ಹಿಡಿದು ಕೇಳುತ್ತೇನೆ, ಬಾ ಎನ್ನಬೇಡಿ. ಕಾಯದೆ ಕಣ್ಣು ಮಾಡಿಸಿಕೊಳ್ಳಿ. ಪಟ್ಟಿ ಬಿಚ್ಚುವ ದಿನ ಯಾವುದೆಂದು ನಾದಿನಿ ತಿಳಿಸಲಿ, ನೀವು ಕಣ್ಣು ಬಿಡುವ ಹೊತ್ತಿಗೆ ಅವರ ಮುಖವನ್ನು ಫೋನಿನಲ್ಲಿ ತಂದು ನಿಲ್ಲಿಸುವುದು ನನ್ನ ಹೊಣೆ. ಗೊರಕೆ ನಿಂತಿತು, ಎದ್ದರು ಅಂತ ಕಾಣುತ್ತದೆ. ಲಕೋಟೆ ಅಂಟಿಸುತ್ತೇನೆ.