ತಪ್ಪಾಯಿತೆಂದು ಬರೆದ ಅರ್ಜಿ

ಅಪ್ಪಾ,

ಬದುಕಿದ್ದಾಗ ನಿಮಗೆ ಎದುರು ಮಾತಾಡಿದವಳು ನಾನೇ. ಈಗ ನಿಮಗೊಂದು ಸುದ್ದಿ ಮುಟ್ಟಿಸಬೇಕಾಗಿದೆ. ಅದಕ್ಕೆ ಮೊದಲು ಸ್ವಲ್ಪ ಸಿಟ್ಟು ತೀರಿಸಿಕೊಳ್ಳುತ್ತೇನೆ, ತಡೆದುಕೊಳ್ಳಿ.

ಬಂಟ್ವಾಳದ ತಾಲೂಕು ಕಚೇರಿಯ ಜಗಲಿಯಲ್ಲಿ ಕೂತು ನೀವು ಅರ್ಜಿ ಬರೆಯುತ್ತಿದ್ದದ್ದು ಕಣ್ಣಿಗೆ ಕಟ್ಟಿದೆ. ವಾಮದಪದವಿನ ರೈತನಿಗೆ ಬಾವಿ ಬೇಕಿರಲಿ, ಪೇಟೆಯ ಹೆಂಗಸಿಗೆ ಪಿಂಚಣಿ ಬೇಕಿರಲಿ, ಮೊದಲ ಸಾಲು ಒಂದೇ: “ನಮ್ಮಿಂದಾದ ತಪ್ಪನ್ನು ದಯಾಳುಗಳಾದ ತಾವು ಮನ್ನಿಸಬೇಕು.” ಅವರೇನು ತಪ್ಪು ಮಾಡಿದ್ದಾರೆಂದು ಕೇಳಿದರೆ, “ದೊಡ್ಡವರ ಎದುರು ತಲೆ ಬಗ್ಗಿಸಿಯೇ ಹೋಗ್ಬೇಕು ಮಗಾ, ಆಗ ಕೆಲಸ ಆಗ್ತದೆ” ಅನ್ನುತ್ತಿದ್ದಿರಿ. ಆಗುತ್ತಲೂ ಇತ್ತು, ಸುಳ್ಳು ಯಾಕೆ ಹೇಳಲಿ?

ರಂಗೂನಿನಿಂದ ಆ ಕಾಗದ ಬಂದ ದಿನ… ಅಣ್ಣ ಅಲ್ಲಿ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಬರ್ಮಾದಲ್ಲಿ ಸೈನ್ಯ ಅಧಿಕಾರ ಹಿಡಿದು ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿತ್ತು. ಅದನ್ನು ಖಂಡಿಸಿದ ಕರಪತ್ರ ಆ ಪ್ರೆಸ್ಸಿನಲ್ಲಿ ಅಚ್ಚಾಯಿತೆಂದು ಅಣ್ಣನನ್ನು ಜೈಲಿಗೆ ಹಾಕಿದರು. ಕೇಸಿಲ್ಲ, ವಿಚಾರಣೆಯಿಲ್ಲ. ನೀವು ಅಂಗಿಯನ್ನೂ ಬಿಚ್ಚದೆ ಕೂತು ಅಲ್ಲಿನ ಸೇನಾಧಿಕಾರಿಗಳಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದಿರಿ. ನನಗೊಂದು ಮಾತು ಹೇಳದೆ ಟಪ್ಪಾಲಿಗೂ ಹಾಕಿದಿರಿ.

ನಾನು ಪಾಠ ಹೇಳುವ ಮೂಡುಬಿದಿರೆಯ ಶಾಲೆಗೆ ಲಂಡನ್ನಿನ ಲಕೋಟೆ ಬಂದ ಮಧ್ಯಾಹ್ನವನ್ನು ಹೇಗೆ ಮರೆಯಲಿ? ಇಂಥ ಕೈದಿಗಳ ಪರವಾಗಿ ದೇಶದೇಶಗಳಿಂದ ಪತ್ರ ಬರೆಸುವ ಸಂಘವೊಂದು ಅಲ್ಲಿ ಉಂಟೆಂದು ಹೆಡ್‌ಮಾಸ್ಟರರು ಹೇಳಿದ್ದರಿಂದ ನಾನು ಅವರಿಗೆ ಬರೆದಿದ್ದೆ. ಅವರು ರಂಗೂನಿನ ಅಧಿಕಾರಿಗಳನ್ನು ವಿಚಾರಿಸಿ ನನಗೆ ಬರೆದಿದ್ದರು: “ಮಗನ ತಪ್ಪನ್ನು ತಂದೆಯೇ ಒಪ್ಪಿಕೊಂಡಿದ್ದಾರೆಂದು ಅಲ್ಲಿಂದ ಉತ್ತರ ಬಂದಿದೆ. ನಿಮ್ಮ ಅಣ್ಣ ಮಾಡಿದ ತಪ್ಪು ಯಾವುದು?” ಓದಿದವಳೇ ತರಗತಿ ಬಿಟ್ಟು ಹೊರಟೆ. ಸಿಕ್ಕಿದ ಬಸ್ಸು ಹಿಡಿದು ಬಂಟ್ವಾಳಕ್ಕೆ ಬಂದೆ.

“ಅಣ್ಣ ಎಂತ ತಪ್ಪು ಮಾಡಿದ್ದಾನೆ, ಹೇಳಿ!” ಎಂದು ಕಚೇರಿಯ ಜಗಲಿಯಲ್ಲೇ ಕಿರುಚಿದೆ. ನೀವು ಕಕ್ಕಾಬಿಕ್ಕಿಯಾದಿರಿ. “ಅವ ಎಂತ ತಪ್ಪು ಮಾಡಿಯಾನು? ಅದು ಅರ್ಜಿ ಬರೆಯುವ ಕ್ರಮ ಅಲ್ವಾ?”

“ಕ್ರಮವಂತೆ ಕ್ರಮ! ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತ ಗೊತ್ತಿಲ್ವಾ ನಿಮಗೆ? ಅವನ ಜೈಲಿನ ಬಾಗಿಲಿಗೆ ನೀವೇ ಚಿಲಕ ಹಾಕಿದ್ರಿ!”

ಆ ಕೊನೆಯ ಮಾತು ಆಡಬಾರದಿತ್ತು. ಆದರೆ ಆಡಿದೆ. ನೀವು ಖಾಲಿ ಹಾಳೆಯನ್ನು ನನ್ನತ್ತ ಸರಿಸಿ, “ನೀನೇ ಬರಿ ಮಗಾ, ನಾನು ಸಹಿ ಹಾಕ್ತೇನೆ” ಅಂದಿರಿ. “ನನ್ನ ಮಗ ತಪ್ಪು ಮಾಡಿಲ್ಲ. ಅವನನ್ನು ಬಿಡಿ.” ಅಷ್ಟೇ ಬರೆದೆ. ಅದಕ್ಕೆ ಸಹಿ ಹಾಕಿ ನೀವೇ ಟಪ್ಪಾಲಿಗೆ ಹಾಕಿದಿರಿ.

ಮರುದಿನದಿಂದ ನೀವು ಕಚೇರಿಯ ಕಡೆ ಹೋಗಲೇ ಇಲ್ಲ. ಸಂಘದ ಮಾತಿನಂತೆ ಗುರುತು ಪರಿಚಯ ಇಲ್ಲದವರೆಲ್ಲ ಸ್ವೀಡನ್ನಿನಿಂದ, ಜಪಾನಿನಿಂದ ಅಣ್ಣನಿಗಾಗಿ ಪತ್ರ ಬರೆಯುತ್ತಿದ್ದಾರೆಂದು ಹೇಳಿದರೂ ನೀವು ಮುಖ ಎತ್ತಲಿಲ್ಲ. “ನಾನೇ ಅವನನ್ನು ಕಟ್ಟಿಹಾಕಿದೆ” ಎನ್ನುತ್ತಲೇ ಆಟಿ ತಿಂಗಳ ಮಳೆಯಲ್ಲಿ ಹೋಗಿಬಿಟ್ಟಿರಿ. ನನ್ನ ನಾಲಿಗೆಯೇ ನಿಮ್ಮನ್ನು ಕೊಂದಿತೇನೋ ಎಂದು…

ಕಳೆದ ಸೋಮವಾರ ಅಣ್ಣ ಬಂದ, ಅಪ್ಪಾ! ದೇಶದೇಶಗಳ ಪತ್ರಗಳ ಕಾಟಕ್ಕೆ ಅವನನ್ನು ಬಿಟ್ಟರಂತೆ. ಮದರಾಸಿನವರೆಗೆ ಹಡಗಿನಲ್ಲಿ, ಅಲ್ಲಿಂದ ರೈಲಿನಲ್ಲಿ. ಮೂಳೆಚಕ್ಕಳವಾಗಿದ್ದಾನೆ. ನಿಮ್ಮ ಅರ್ಜಿಯ ವಿಷಯ ಕೇಳಲು ಹೆದರಿ ಮೂರು ದಿನ ಸುಮ್ಮನಿದ್ದೆ. ಇವತ್ತು ಊಟಕ್ಕೆ ಬಡಿಸುತ್ತಾ ಕೇಳಿಯೇಬಿಟ್ಟೆ.

“ತೋರಿಸಿದ್ರು. ‘ನಿನ್ನಪ್ಪನೇ ಒಪ್ಪಿದ್ದಾನೆ, ನೀನೂ ತಪ್ಪೊಪ್ಪಿ ಸಹಿ ಹಾಕು’ ಅಂದ್ರು. ಹಾಕಿದ್ರೆ ಇಪ್ಪತ್ತು ವರ್ಷ ಒಳಗೇ. ಮೊದಲ ಸಾಲು ನೋಡಿ ನನಗೆ ನಗು ತಡೀಲಿಕ್ಕೆ ಆಗಲಿಲ್ಲ ಮಾರಾಯ್ತಿ! ‘ನಮ್ಮಪ್ಪ ದೇವರಿಗೆ ಕಾಗದ ಬರೆದ್ರೂ ಹೀಗೇ ಶುರು ಮಾಡ್ತಾರೆ’ ಅಂದೆ. ಪೆಟ್ಟು ಬಿತ್ತು, ಬೀಳಲಿ. ಅಷ್ಟು ತಿಂಗಳಾದ ಮೇಲೆ ಅವರ ಅಕ್ಷರ ನೋಡಿದ್ದೆ. ಅದರ ಬಲದಲ್ಲೇ ನಾನು ಸಹಿ ಹಾಕದೆ ಉಳಿದದ್ದು.”